ನಲವತ್ತು ಇಲಿಗಳಿಗೆ ಗೊತ್ತಿದ್ದ ವಿಷಯ

"ಬಾಲ ಬಿಡ್ರೀ!"

ಬಾಗಿಲ ಕಡೆಯಿಂದ ಬಂದ ಗಂಡು ದನಿಗೆ ಅವಳು ಬೆಚ್ಚಿಬಿದ್ದಳು. ಕೈಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಇಲಿ ಗಿರ್ರನೆ ಒಂದು ಸುತ್ತು ತಿರುಗಿತು.

"ಏನಂದ್ರಿ?"

"ಇಲಿ ಬಾಲ ಬಿಡಿ ಅಂದೆ. ಯಾರಾದ್ರೂ ನಿಮ್ಮ ಜಡೆ ಹಿಡಿದು ಹೀಗೇ ಮೇಲಕ್ಕೆತ್ತಿದ್ರೆ ಹೇಗಿರುತ್ತೆ?"

ಏಳು ವರ್ಷ! ಏಳು ವರ್ಷದಿಂದ ಇದೇ ಲ್ಯಾಬಿನಲ್ಲಿ, ಇದೇ ಕೈಯಲ್ಲಿ, ಸಾವಿರಾರು ಇಲಿಗಳನ್ನು ಬಾಲ ಹಿಡಿದೇ ಎತ್ತಿದ್ದಳು. ಒಂದು ಇಲಿಯೂ ದೂರು ಕೊಟ್ಟಿರಲಿಲ್ಲ. ಈಗ ಯಾರೋ ಒಬ್ಬ, ಬಾಗಿಲಿನಷ್ಟೇ ಎತ್ತರದವನು, ತೋಳು ಗಿಡ್ಡವಾದ ಕಡು ಹಸಿರು ಕೋಟು ಹಾಕಿಕೊಂಡು ಬಂದು ಪಾಠ ಹೇಳುತ್ತಿದ್ದಾನೆ!

"ಯಾರು ನೀವು?"

"ಪ್ರಾಣಿ ವಿಭಾಗಕ್ಕೆ ಬಂದಿರೋ ಹೊಸ ಡಾಕ್ಟ್ರು. ಇವತ್ತು ಬೆಳಗ್ಗೆ ಸೇರ್ಕೊಂಡೆ."

"ಬೆಳಗ್ಗೆ ಸೇರಿ ಮಧ್ಯಾಹ್ನಕ್ಕೇ ಜಗಳಾನಾ?"

"ನಾನು ನಾಳೆವರೆಗೂ ಕಾಯ್ತೀನಿ ಮೇಡಂ. ಇಲಿ ಕಾಯಬೇಕಲ್ಲ!"

ಹೇಳುತ್ತಲೇ ಅವನು ಹತ್ತಿರ ಬಂದು ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಇಲಿಯ ಕೆಳಗೆ ಹಿಡಿದ. ಅದು ತೊಪ್ಪನೆ ಒಳಗಿಳಿದು, ಮೂಗು ಅಲ್ಲಾಡಿಸಿ, ಸುಮ್ಮನೆ ಕುಳಿತುಬಿಟ್ಟಿತು. ಆಮೇಲೆ ಅವನು ಆ ಇಲಿಯನ್ನು ಮೆಲ್ಲಗೆ ಅವಳ ಬೊಗಸೆಗೆ ದಾಟಿಸಿದ.

"ನೋಡಿ... ಎಷ್ಟು ಆರಾಮಾಗಿದೆ."

ಇಲಿಯ ಎದೆ ನಿಮಿಷಕ್ಕೆ ಆರುನೂರು ಸಲ ಬಡಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮನುಷ್ಯರದ್ದೂ ಹಾಗೆ ಬಡಿಯಬಹುದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

'ಛೀ! ಕೋಪಕ್ಕೆ ಹೀಗಾಗ್ತಿದೆ,' ಎಂದುಕೊಂಡಳು. ಕೋಪಕ್ಕೇ ಇರಬಹುದು. ನಾವ್ಯಾಕೆ ಈಗಲೇ ಅನುಮಾನಪಡೋಣ?

*

ಅವಳಿಗೆ ಮೂವತ್ತೆರಡು ವರ್ಷ. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳುವಷ್ಟು ಓದಿದ್ದಾಳೆ. ಆದರೂ ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ನಾವೂ ಹಾಗೇ ಕರೆಯೋಣ, ಬೇಜಾರು ಮಾಡಿಕೊಳ್ಳುವವಳಲ್ಲ.

ಮನೆಯಲ್ಲಿ 'ಎಲ್ಲರೂ' ಎಂದರೆ ಇಬ್ಬರು, ಅಜ್ಜ ಮತ್ತು ಅಜ್ಜಿ. ಪುಟ್ಟಿಯನ್ನು ಸಾಕಿ ಓದಿಸಿದವರು ಅವರೇ. ಅಜ್ಜ ನಲವತ್ತು ವರ್ಷ ಟೈಲರ್ ಆಗಿದ್ದವರು. ಅಂಗಡಿ ಮುಚ್ಚಿ ಎಷ್ಟೋ ಕಾಲವಾದರೂ ಟೇಪು ಕೊರಳಿಂದ ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ ಅವರಿಗೆ ಆಲ್‌ಝೈಮರ್ಸ್ ಶುರುವಾಯಿತು. ಪುಟ್ಟಿ ಐದು ವರ್ಷದಿಂದ ಯಾವ ರೋಗದ ಹಿಂದೆ ಬಿದ್ದಿದ್ದಳೋ, ಅದೇ ರೋಗ ಒಂದು ದಿನ ಅವಳ ಮನೆಯ ಬಾಗಿಲನ್ನೇ ತಟ್ಟಿತ್ತು.

"ನೀನು ಯಾರಮ್ಮ?" ಎಂದು ಅಜ್ಜ ಮೊದಲ ಸಲ ಕೇಳಿದ ದಿನ ಪುಟ್ಟಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಈಗ ಅಳುವುದಿಲ್ಲ. "ಮೊಮ್ಮಗಳು ಅಜ್ಜ," ಎನ್ನುತ್ತಾಳೆ. ಅಜ್ಜ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭುಜ ಹದಿನಾಲ್ಕೂವರೆ," ಎನ್ನುತ್ತಾರೆ. ಅಳತೆ ಇವತ್ತಿಗೂ ಒಂದು ದಾರದಷ್ಟು ತಪ್ಪುವುದಿಲ್ಲ.

ತನ್ನ ಔಷಧ ಕೆಲಸ ಮಾಡಿದರೂ ಮನುಷ್ಯರ ಬಾಯಿಗೆ ಬೀಳುವುದಕ್ಕೆ ಹತ್ತಾರು ವರ್ಷ ಬೇಕು, ಅಜ್ಜನಿಗಂತೂ ಸಿಗುವುದಿಲ್ಲ ಎಂದು ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆಳಗ್ಗೆ ಎಂಟಕ್ಕೇ ಲ್ಯಾಬಿನ ಬೀಗ ತೆಗೆಯುತ್ತಿದ್ದಳು.

"ಈ ಇಲಿಗಳ ಜೊತೆ ಇನ್ನೆಷ್ಟು ದಿನ ಸಂಸಾರ ಮಾಡ್ತೀಯೇ?" ಎಂದು ಅಜ್ಜಿ ದಿನಾ ಕೇಳುತ್ತಿದ್ದರು.

"ಅವು ಯಾವತ್ತೂ ಕಾಫಿ ತಣ್ಣಗಿದೆ ಅನ್ನಲ್ಲ ಅಜ್ಜಿ."

"ಬಾಯಿ ಮಾತ್ರ ಕೇಳು!"

*

ಲ್ಯಾಬಿನಲ್ಲಿ ನಲವತ್ತು ಇಲಿಗಳಿದ್ದವು. ಎಲ್ಲವೂ ಹುಟ್ಟಿನಿಂದಲೇ ಮರೆವಿನ ರೋಗ ಹೊತ್ತು ಬಂದವು. ಇಪ್ಪತ್ತಕ್ಕೆ ಪುಟ್ಟಿಯ ಔಷಧ, ಇಪ್ಪತ್ತಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎಂದು ಪುಟ್ಟಿಗೂ ಗೊತ್ತಿರಲಿಲ್ಲ, ಕುಡಿಸುತ್ತಿದ್ದ ಹೊಸ ಡಾಕ್ಟ್ರಿಗೂ ಗೊತ್ತಿರಲಿಲ್ಲ. ಬಾಟಲಿಗಳ ಮೇಲೆ ಕೆಂಪು ಚೀಟಿ, ಹಳದಿ ಚೀಟಿ, ಅಷ್ಟೇ. ಗುಟ್ಟು ಒಂದು ಲಕೋಟೆಯಲ್ಲಿ, ಲಕೋಟೆ ದೊಡ್ಡ ಮೇಡಂ ಬೀರುವಿನಲ್ಲಿ. ದೊಡ್ಡ ಮೇಡಂ ಎಂದರೆ ಲ್ಯಾಬಿನ ಮುಖ್ಯಸ್ಥೆ. ಕನ್ನಡಕವನ್ನು ತಲೆ ಮೇಲಿಟ್ಟುಕೊಂಡು ಲ್ಯಾಬಿಡೀ ಹುಡುಕುವ, ಮೆದುಳಿನ ವಿಷಯದಲ್ಲಿ ಮಾತ್ರ ಯಾವತ್ತೂ ತಡವರಿಸದ ಹೆಂಗಸು.

ಹೊಸ ಡಾಕ್ಟ್ರಿಗೆ ವಾರದೊಳಗೆ 'ಇಲಿ ಡಾಕ್ಟ್ರು' ಎಂಬ ಹೆಸರು ಅಂಟಿಕೊಂಡಿತು. ಅವನೇನು ಕಮ್ಮಿ? ನಲವತ್ತು ಇಲಿಗಳಿಗೂ ಒಂದೊಂದು ಹೆಸರಿಟ್ಟುಬಿಟ್ಟ.

"ಹದಿನೇಳನೇ ನಂಬರ್ ಇವತ್ತು ಹೇಗಿದೆ?" ಎಂದು ಪುಟ್ಟಿ ಕೇಳಿದರೆ, "ಸೋದರತ್ತೆನಾ? ಬೆಳಗ್ಗೆಯಿಂದ ಎಲ್ಲದಕ್ಕೂ ಮೂಗು ತೂರಿಸ್ತಿದ್ದಾರೆ," ಎನ್ನುತ್ತಿದ್ದ.

"ಇಪ್ಪತ್ಮೂರು?"

"ಅಳಿಯಂದ್ರು! ಕೂತಲ್ಲಿಂದ ಏಳಲ್ಲ. ಊಟ ಮಾತ್ರ ಹೊತ್ತುಹೊತ್ತಿಗೆ ಬರಬೇಕು."

ಪುಟ್ಟಿ ನಗಬಾರದು ಎಂದು ತುಟಿ ಕಚ್ಚಿಕೊಂಡು ಬರೆದುಕೊಳ್ಳುತ್ತಿದ್ದಳು. ಒಂದು ದಿನ ಕೈತಪ್ಪಿ ದಾಖಲೆ ಪುಸ್ತಕದಲ್ಲೇ 'ಅಳಿಯಂದ್ರು, ತೂಕ ಮೂವತ್ತೊಂದು ಗ್ರಾಂ' ಎಂದು ಬರೆದುಬಿಟ್ಟಳು! ದೊಡ್ಡ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

ನಾಲ್ಕು ತಿಂಗಳು ಔಷಧ ಕುಡಿಸಿದ ಮೇಲೆ ಪರೀಕ್ಷೆಯ ಕಾಲ ಬಂತು.

ಪರೀಕ್ಷೆ ನಡೆಯುವುದು ಒಂದು ದೊಡ್ಡ ದುಂಡನೆ ತೊಟ್ಟಿಯಲ್ಲಿ. ನೀರಿಗೆ ಬಿಳಿ ಬಣ್ಣ ಬೆರೆಸಿ ಹಾಲಿನ ಹಾಗೆ ಮಾಡಿರುತ್ತಾರೆ. ಒಂದು ಕಡೆ, ನೀರಿನ ಮೇಲ್ಮೈಗಿಂತ ಒಂದು ಬೆರಳು ಕೆಳಗೆ, ಅಂಗೈಯಗಲದ ಒಂದು ಮಣೆ ಅಡಗಿರುತ್ತದೆ. ಇಲಿ ಈಜಿ ಅದನ್ನು ಹುಡುಕಬೇಕು. ಗೋಡೆಗಳ ಮೇಲೆ ತ್ರಿಕೋನ, ನಕ್ಷತ್ರ, ಗೀಟಿನ ಚಿತ್ರಗಳು. ನೆನಪು ಗಟ್ಟಿಯಿರುವ ಇಲಿ 'ನಕ್ಷತ್ರದ ಬಲಕ್ಕೆ, ತ್ರಿಕೋನದ ಎದುರಿಗೆ' ಎಂದು ಲೆಕ್ಕ ಹಾಕಿ ಹತ್ತೇ ಸೆಕೆಂಡಿನಲ್ಲಿ ಮಣೆ ಹತ್ತಿ ಕೂರುತ್ತದೆ. ನೆನಪು ಹೋದ ಇಲಿ ಸುಮ್ಮನೆ ಸುತ್ತುತ್ತಾ ಇರುತ್ತದೆ.

ತೊಟ್ಟಿಯ ಪಕ್ಕದಲ್ಲಿ ಪರದೆ, ಪರದೆಯ ಹಿಂದೆ ಕಂಪ್ಯೂಟರ್, ಕಂಪ್ಯೂಟರ್ ಮುಂದೆ ಪುಟ್ಟಿ. ಇಲಿಯನ್ನು ನೀರಿಗೆ ಬಿಟ್ಟು ಓಡಿ ಹೋಗಿ ಅಲ್ಲಿ ಕೂರುತ್ತಿದ್ದಳು. ಇಲಿ ಮಣೆ ಹತ್ತಿದ ಮೇಲೆ ಎತ್ತಿ ಒರೆಸುವುದು ಇಲಿ ಡಾಕ್ಟ್ರ ಕೆಲಸ.

"ನಾನೆಲ್ಲಿರಲಿ ಮೇಡಂ?" ಎಂದು ಮೊದಲ ದಿನ ಅವನು ಕೇಳಿದ.

ಪುಟ್ಟಿಯ ತಲೆ ಆಗ ನೀರಿನ ಬಿಸಿ, ಕ್ಯಾಮರಾ, ಮಣೆ ಎಂದು ನೂರು ಕಡೆ ಇತ್ತು. "ಟವೆಲ್ ಹಿಡ್ಕೊಂಡು ಅಲ್ಲೆಲ್ಲಾದ್ರೂ ನಿಂತ್ಕೊಳ್ಳಿ," ಎಂದಳು.

ಈ ಒಂದು ಮಾತನ್ನು ಓದುಗರು ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು. ಪುಟ್ಟಿ ಇಟ್ಟುಕೊಳ್ಳಲಿಲ್ಲ.

ಹನ್ನೆರಡು ದಿನ ಪರೀಕ್ಷೆ. ದಿನೇದಿನೇ ಇಲಿಗಳು ಜಾಣರಾಗುತ್ತಾ ಹೋದವು. ಸೋದರತ್ತೆ ಎಂಟು ಸೆಕೆಂಡಿನಲ್ಲಿ ಮಣೆ ಹತ್ತಿದರು. ಅಳಿಯಂದ್ರು ಕೂಡ ಸೋಮಾರಿತನ ಬಿಟ್ಟು ನೆಟ್ಟಗೆ ಈಜಿ ಬಂದು ಕುಳಿತರು! ನಡುವೆ ಏಳನೇ ದಿನ ಮಾತ್ರ ಏನೋ ಎಡವಟ್ಟಾಗಿ ಅರ್ಧಕ್ಕರ್ಧ ಇಲಿಗಳು ದಿಕ್ಕು ತಪ್ಪಿದವು. 'ನೀರು ತಣ್ಣಗಿತ್ತೇನೋ' ಎಂದು ಬರೆದುಕೊಂಡು ಪುಟ್ಟಿ ಮುಂದೆ ಹೋದಳು.

"ನಮ್ಮ ಔಷಧ ಕೆಲಸ ಮಾಡ್ತಿದೆ ಅನ್ಸುತ್ತೆ..." ಎಂದು ಹನ್ನೆರಡನೇ ದಿನ ಪಿಸುಗುಟ್ಟಿದಳು.

"ಅನ್ಸುತ್ತೆ ಏನು ಮೇಡಂ, ಮಾಡ್ತಿದೆ!" ಎಂದ ಇಲಿ ಡಾಕ್ಟ್ರು, ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು. ಅವನ ಮುಖದ ಸಂತೋಷ ನೋಡಿ ಪುಟ್ಟಿಗೆ ಏನೋ ಹೇಳಬೇಕೆನಿಸಿತು. ಏನು ಎಂದು ತಿಳಿಯಲಿಲ್ಲ. "ಟವೆಲ್ ಒಗೆಸಿ," ಎಂದಳು.

*

ದೊಡ್ಡ ಮೇಡಂ ಲಕೋಟೆ ಒಡೆದರು. ಓದಿದರು. ಕಂಪ್ಯೂಟರ್ ನೋಡಿದರು. ಮತ್ತೆ ಓದಿದರು.

"ಕೆಂಪು ಚೀಟಿ ಔಷಧ, ಹಳದಿ ಚೀಟಿ ಉಪ್ಪುನೀರು. ಕೆಂಪು ಹನ್ನೊಂದು ಸೆಕೆಂಡು. ಹಳದಿ..." ಎಂದು ನಿಲ್ಲಿಸಿದರು.

"ಹಳದಿ ಎಷ್ಟು ಮೇಡಂ?"

"ಅದೂ ಹನ್ನೊಂದು."

ಪುಟ್ಟಿ ಕಂಪ್ಯೂಟರಿನತ್ತ ಬಗ್ಗಿ ತಾನೇ ನೋಡಿದಳು. ಹನ್ನೊಂದೇ.

"ಉಪ್ಪುನೀರು ಕುಡಿದವೂ ಇಷ್ಟು ಜಾಣರಾಗಿದ್ರೆ, ಏಳು ವರ್ಷ ನಾವು ಏನು ಮಾಡಿದ್ವಿ ಅಂತ ಪರಿಶೀಲನಾ ಸಮಿತಿಯವರು ಕೇಳ್ತಾರಮ್ಮ. ಐದು ವಾರದಲ್ಲಿ ಅವರು ಬರ್ತಾರೆ. ಹೀಗೇ ತೋರಿಸಿದ್ರೆ ಈ ಔಷಧಕ್ಕೆ ಅಲ್ಲೇ ಮಂಗಳ ಹಾಡ್ತಾರೆ."

ಪುಟ್ಟಿಗೆ ಒಂದೇ ಯೋಚನೆ. ಉಪ್ಪುನೀರು ಕುಡಿದ ರೋಗದ ಇಲಿ ದಾರಿ ಕಂಡುಹಿಡಿಯುವುದಾದರೂ ಹೇಗೆ? ಸಾಧ್ಯವೇ ಇಲ್ಲ! ಅವಕ್ಕೂ ಔಷಧ ಸಿಕ್ಕಿರಬೇಕು. ಯಾರು ಕೊಟ್ಟರು?

ಆಗ ಒಂದು ಮಾತು ನೆನಪಾಯಿತು. ತಿಂಗಳ ಹಿಂದೆ ಇಲಿ ಡಾಕ್ಟ್ರು ಪಂಜರದ ಮುಂದೆ ಕುಳಿತು, "ಈ ಹಳದಿ ಚೀಟಿಯವು ಪಾಪ, ಯಾಕೋ ಮಂಕಾಗಿವೆ," ಎಂದಿದ್ದ. ಪಾಪ! ಬಾಲ ಹಿಡಿದರೇ ಸಂಕಟಪಡುವ ಮನುಷ್ಯ!

ಪುಟ್ಟಿ ಪ್ರಾಣಿ ವಿಭಾಗಕ್ಕೆ ಓಡಿದಳು. ಅವನು ಅಳಿಯಂದ್ರ ಉಗುರು ನೋಡುತ್ತಿದ್ದ.

"ಹಳದಿ ಇಲಿಗಳಿಗೂ ಕೆಂಪು ಬಾಟಲಿಯಿಂದ ಕೊಟ್ರಾ?"

"ಏನು?"

"ನಿಜ ಹೇಳಿ. ಮಂಕಾಗಿವೆ, ಪಾಪ ಅಂತ ನೀವೇ ಅಂದಿದ್ರಿ. ಕನಿಕರ ಬಂದು ಎರಡಕ್ಕೂ ಔಷಧ ಕುಡಿಸಿದ್ರಿ ಅಲ್ವಾ? ನನ್ನ ಏಳು ವರ್ಷದ ಕೆಲಸ... ನಿಮ್ಮ ಒಂದು 'ಪಾಪ'ಕ್ಕೆ ನೀರುಪಾಲಾಯ್ತು!"

ಅವನು ಅಳಿಯಂದ್ರನ್ನು ಮೆಲ್ಲಗೆ ಪಂಜರದೊಳಗಿಟ್ಟು ಬಾಗಿಲು ಹಾಕಿದ. ಎಷ್ಟು ಹೊತ್ತು ಹಾಕಿದನೆಂದರೆ, ಅಷ್ಟು ಹೊತ್ತಿನಲ್ಲಿ ಹತ್ತು ಪಂಜರ ಹಾಕಬಹುದಿತ್ತು.

"ಮೇಡಂ, ನನಗೆ ಇಲಿಗಳ ಮೇಲೆ ಕನಿಕರ ಇದೆ, ನಿಜ," ಎಂದ ಕೊನೆಗೆ. "ಆದ್ರೆ ನಿಮ್ಮ ಏಳು ವರ್ಷದ ಮೇಲೆ ಅದಕ್ಕಿಂತ ಜಾಸ್ತಿ ಗೌರವ ಇದೆ. ಒಂದು ತೊಟ್ಟೂ ಆಚೀಚೆ ಮಾಡಿಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

"ಮತ್ತೆ ಹೇಗಾಯ್ತು ಇದು?"

"ಗೊತ್ತಿಲ್ಲ."

ಇಷ್ಟು ದಿನ ಮಾತು ಮಾತಿಗೂ ನಗಿಸುತ್ತಿದ್ದವನ ಬಾಯಲ್ಲಿ ಇಷ್ಟೇ ಮಾತು! ಪುಟ್ಟಿ ಬಾಗಿಲು ಬಡಿದುಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕಣ್ಣು ತುಂಬಿ ಬಂತು. ಏಳು ವರ್ಷ ಹೋಯಿತು ಎಂಬ ದುಃಖವೋ, ಅವನ ಮುಖ ಹಾಗಾಯಿತು ಎಂಬ ದುಃಖವೋ, ಅವಳಿಗೇ ಬಗೆಹರಿಯಲಿಲ್ಲ.

ಮಾರನೇ ದಿನ ಸುದ್ದಿ ಬಂತು. ಇಲಿ ಡಾಕ್ಟ್ರು ಹಿಂದಿನ ಕಟ್ಟಡದ ಮೊಲಗಳ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಾನಂತೆ.

"ಮೊಲಕ್ಕೆ ಹಿಡಿಯೋಕೆ ಉದ್ದ ಬಾಲ ಇಲ್ವಲ್ಲಾ, ಜಗಳ ಇರಲ್ಲ ಅಂದ," ಎಂದರು ದೊಡ್ಡ ಮೇಡಂ.

ಪುಟ್ಟಿಗೆ ನಗು ಬರಲಿಲ್ಲ.

*

ಭಾನುವಾರ ಬೆಳಗ್ಗೆ ಪುಟ್ಟಿ ಮುಖ ಊದಿಸಿಕೊಂಡು ಹಜಾರದಲ್ಲಿ ಕುಳಿತಿದ್ದಳು. ಅಜ್ಜ ಸ್ನಾನಕ್ಕೆ ಎದ್ದರು. ಒಂದು ಹೆಗಲಲ್ಲಿ ಟವೆಲ್, ಕೊರಳಲ್ಲಿ ಟೇಪು.

ಅಜ್ಜ ಹಜಾರದ ಮಧ್ಯೆ ನಿಂತು ಸುತ್ತ ನೋಡಿದರು. ನಾಲ್ಕು ಬಾಗಿಲುಗಳಿದ್ದವು. ಆಮೇಲೆ ಧೈರ್ಯವಾಗಿ ಹೆಜ್ಜೆ ಹಾಕಿ ನೇರವಾಗಿ ಸಾಮಾನಿನ ಕೋಣೆಗೆ ಹೋಗಿ, ಒಳಗಿನಿಂದ ಬಾಗಿಲು ಹಾಕಿಕೊಂಡರು!

ಒಳಗೆ ಡಬ್ಬಗಳು ಉರುಳಿದ ಸದ್ದು. "ಈ ಬಚ್ಚಲು ಕಟ್ಟಿದವನು ಯಾವನು? ನಲ್ಲಿನೇ ಇಟ್ಟಿಲ್ಲ!" ಎಂದು ಅಜ್ಜನ ಗದರಿಕೆ.

"ಅಯ್ಯೋ, ನನ್ನದೇ ತಪ್ಪು!" ಎಂದು ಅಜ್ಜಿ ಧಡಬಡಿಸಿ ಎದ್ದರು. ಸಾಮಾನಿನ ಕೋಣೆಯ ಬಾಗಿಲ ಪಕ್ಕದಲ್ಲಿ ತಮ್ಮ ಪುಟ್ಟ ಸ್ಟೂಲ್ ಹಾಕಿಕೊಂಡು, ಬೆಳಕು ಚೆನ್ನಾಗಿದೆ ಎಂದು ಗುಂಡಿ ಹೊಲಿಯುತ್ತಿದ್ದವರು ಅವರು.

ಅಜ್ಜಿ ಅಜ್ಜನನ್ನು ಹೊರಗೆ ಕರೆತಂದರು. ಸ್ಟೂಲ್ ಎತ್ತಿಕೊಂಡು ಹೋಗಿ ಬಚ್ಚಲ ಬಾಗಿಲ ಪಕ್ಕದಲ್ಲಿ ಹಾಕಿ ಕುಳಿತರು. ಅಜ್ಜ ಮತ್ತೆ ಸುತ್ತ ನೋಡಿದರು, ಅಜ್ಜಿಯನ್ನು ಕಂಡರು, ನೆಟ್ಟಗೆ ನಡೆದು ಬಚ್ಚಲಿಗೆ ಹೋದರು.

"ಅಜ್ಜಿ... ನೀವು ಯಾಕೆ ಸ್ಟೂಲ್ ತಗೊಂಡು ಓಡಾಡ್ತೀರಾ?"

"ಎರಡು ವರ್ಷದಿಂದ ಹೀಗೇ ಕಣೇ, ನೀನು ನೋಡಿಲ್ವಾ? ಇವರಿಗೆ ಮನೆ ಮರೆತುಹೋಗಿದೆ. ನಾನು ಎಲ್ಲಿ ಕೂತಿರ್ತೀನೋ ಅಲ್ಲಿಗೆ ಬರ್ತಾರೆ. ಊಟಕ್ಕೆ ಊಟದ ಮೇಜಿನ ಹತ್ರ ಕೂರ್ತೀನಿ, ಮಲಗೋಕೆ ಮಂಚದ ಹತ್ರ. ಬಾಗಿಲು ಯಾವುದು ಅಂತ ಅವರು ನೋಡಲ್ಲ. ನನ್ನ ನೋಡ್ತಾರೆ, ಅಷ್ಟೇ."

ಪುಟ್ಟಿ ಅಜ್ಜಿಯ ಸ್ಟೂಲನ್ನೇ ನೋಡಿದಳು.

ಮನೆ ಮರೆತುಹೋಗಿದೆ. ಆದರೂ ದಾರಿ ತಪ್ಪುವುದಿಲ್ಲ. ಯಾಕೆಂದರೆ ಅಲ್ಲಿ ಒಬ್ಬರು ಕುಳಿತಿರುತ್ತಾರೆ... ದಿನಾ... ಸರಿಯಾದ ಜಾಗದಲ್ಲೇ...

ಟವೆಲ್!

"ಅಯ್ಯಯ್ಯೋ!" ಎಂದು ಪುಟ್ಟಿ ಚಂಗನೆ ಎದ್ದಳು.

"ಏನಾಯ್ತೇ? ಎಲ್ಲಿಗೆ? ತಿಂಡಿ ತಿನ್ಕೊಂಡು ಹೋಗೇ!"

ಅವಳು ಆಗಲೇ ಗೇಟು ದಾಟಿದ್ದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದು ಕಾಲಿಗೆ ಅಜ್ಜಿಯ ಚಪ್ಪಲಿ.

*

ಭಾನುವಾರದ ಖಾಲಿ ಲ್ಯಾಬಿನಲ್ಲಿ ಪುಟ್ಟಿ ವಿಡಿಯೊಗಳನ್ನು ಒಂದೊಂದಾಗಿ ತೆರೆದಳು. ಮೇಲಿನ ಕ್ಯಾಮರಾ ಹಿಡಿಯುವುದು ಬರೀ ತೊಟ್ಟಿಯನ್ನು. ಆದರೆ ಚಿತ್ರದ ಅಂಚಿನಲ್ಲಿ, ಇಷ್ಟು ದಿನ ಅವಳು ಕಣ್ಣೆತ್ತಿಯೂ ನೋಡದ ಮೂಲೆಯಲ್ಲಿ, ಎರಡು ದೊಡ್ಡ ಬೂಟುಗಳ ತುದಿ ಕಾಣುತ್ತಿತ್ತು. ಅದರ ಮೇಲೆ ಒಂದು ಬಿಳಿ ಟವೆಲಿನ ಚುಂಗು.

ಮೊದಲ ದಿನ ಬೂಟು ಅಲ್ಲೇ. ಎರಡನೇ ದಿನವೂ ಅಲ್ಲೇ. ಮೂರನೇ ದಿನ, ನಾಲ್ಕನೇ ದಿನ... ಒಂದು ಅಂಗುಲ ಆಚೀಚೆ ಇಲ್ಲ! ಸರಿಯಾಗಿ ಮಣೆ ಅಡಗಿದ್ದ ಜಾಗದ ಹಿಂದೆ.

ರೋಗದ ಇಲಿಗಳು ನಕ್ಷತ್ರವನ್ನೂ ತ್ರಿಕೋನವನ್ನೂ ಮರೆತಿದ್ದವು. ಆದರೆ ಬಿಳಿ ಗೋಡೆಯ ಮುಂದೆ ಕಡು ಹಸಿರು ಕೋಟಿನ ಆರಡಿ ಮನುಷ್ಯ ಕಂಬದ ಹಾಗೆ ನಿಂತಿದ್ದರೆ ಅದಕ್ಕೆ ನೆನಪು ಯಾಕೆ ಬೇಕು? ಅವನ ಕಡೆ ಈಜಿದರೆ ಆಯಿತು. ಮಣೆ ಸಿಗುತ್ತದೆ, ಟವೆಲ್ ಸಿಗುತ್ತದೆ, ಬೆಚ್ಚನೆ ಬೊಗಸೆಯೂ ಸಿಗುತ್ತದೆ!

'ಅಲ್ಲೆಲ್ಲಾದ್ರೂ ನಿಂತ್ಕೊಳ್ಳಿ.' ಹೇಳಿದವಳು ತಾನೇ. ಪರೀಕ್ಷೆಯ ಹೊತ್ತಿಗೆ ಯಾರೂ ಇಲಿಯ ಕಣ್ಣಿಗೆ ಬೀಳಬಾರದು ಎಂದು ಕಾಲೇಜಿನ ಮಕ್ಕಳಿಗೆ ಪಾಠ ಹೇಳುವವಳೂ ತಾನೇ! ಪುಟ್ಟಿ ಹಣೆ ಹಣೆ ಚಚ್ಚಿಕೊಂಡಳು.

ಏಳನೇ ದಿನದ ವಿಡಿಯೊ ತೆರೆದಳು. ಮೂಲೆಯಲ್ಲಿ ಬೂಟು ಇರಲಿಲ್ಲ.

ಅವತ್ತು ಅವನು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದ. ಟವೆಲ್ ಕೆಲಸವನ್ನೂ ಪುಟ್ಟಿಯೇ ಪರದೆ ಹಿಂದಿನಿಂದ ಓಡೋಡಿ ಬಂದು ಮಾಡಿದ್ದಳು. ನೀರು ತಣ್ಣಗಿರಲೇ ಇಲ್ಲ!

ಆ ಒಂದು ದಿನದ ಲೆಕ್ಕವನ್ನೇ ಬೇರೆ ಮಾಡಿ ನೋಡಿದಳು. ಕೆಂಪು ಚೀಟಿಯ ಇಪ್ಪತ್ತರಲ್ಲಿ ಹದಿನಾರು ಇಲಿಗಳು ಮಣೆ ಹುಡುಕಿದ್ದವು. ಹಳದಿಯ ಇಪ್ಪತ್ತರಲ್ಲಿ ಮೂರು.

ಪುಟ್ಟಿ ಆ ಖಾಲಿ ಕೋಣೆಯಲ್ಲಿ ಜೋಡಿಯಲ್ಲದ ಚಪ್ಪಲಿಗಳನ್ನು ಕಳಚಿ ಕುಣಿದಳು. ಆಮೇಲೆ ಕುಣಿತ ನಿಂತಿತು.

'ಅಯ್ಯೋ... ಅವರಿಗೆ ಏನೇನೋ ಅಂದುಬಿಟ್ಟೆನಲ್ಲಾ!'

*

ಸೋಮವಾರ ಅವನು ಮೊಲಗಳ ವಿಭಾಗಕ್ಕೆ ಹೊರಡಲು ಡಬ್ಬಕ್ಕೆ ಸಾಮಾನು ತುಂಬುತ್ತಿದ್ದ. ಪುಟ್ಟಿ ಬಾಗಿಲಲ್ಲಿ ನಿಂತಳು. ರಾತ್ರಿಯಿಡೀ ತಯಾರಿ ಮಾಡಿಕೊಂಡಿದ್ದ ಕ್ಷಮೆಯ ಭಾಷಣ ಮೊದಲ ಸಾಲಿನಲ್ಲೇ ಅಡ್ಡದಾರಿ ಹಿಡಿಯಿತು.

"ನೀವು ಕಳ್ಳರಲ್ಲ, ಕಂಬ," ಎಂದುಬಿಟ್ಟಳು.

ಅವನು ತಲೆಯೆತ್ತಿ ನೋಡಿದ. "ಒಂದು ವಾರದಲ್ಲಿ ಬಡ್ತಿ ಸಿಕ್ಕ ಹಾಗಾಯ್ತು."

ಪುಟ್ಟಿ ಎಲ್ಲವನ್ನೂ ಹೇಳಿದಳು. ಅಜ್ಜನ ಟವೆಲ್, ಅಜ್ಜಿಯ ಸ್ಟೂಲ್, ಬೂಟಿನ ತುದಿ, ಏಳನೇ ದಿನ, ಕಿತ್ತ ಹಲ್ಲು. ಕೇಳುತ್ತಾ ಕೇಳುತ್ತಾ ಅವನ ಕಿವಿ ಕೆಂಪಾಯಿತು.

"ತಪ್ಪು ನಂದು. ಕೇಳದೇ ವಿಚಾರಿಸದೇ ನಿಮ್ಮ ಮೇಲೆ ಹಾಕ್ಬಿಟ್ಟೆ. ಕ್ಷಮಿಸ್ತೀರಾ?"

"ನಲವತ್ತು ಇಲಿಗಳನ್ನ ದಾರಿಗೆ ತಂದೋನು, ನಿಮ್ಮೊಬ್ಬರನ್ನ ಕ್ಷಮಿಸೋಕೆ ಆಗಲ್ವಾ?" ಎಂದ. ದನಿಯಲ್ಲಿ ನೋವು ಇನ್ನೂ ಸ್ವಲ್ಪ ಉಳಿದಿತ್ತು. ನಗುವೂ ಸ್ವಲ್ಪ ಬಂದಿತ್ತು.

"ಒಂದು ದಿನದ ಲೆಕ್ಕ ಸಮಿತಿಯವರು ಒಪ್ಪಲ್ಲ. ಮಣೆ ಜಾಗ ಬದಲಾಯಿಸಿ ಮತ್ತೆ ಹನ್ನೆರಡು ದಿನ ಮಾಡ್ಬೇಕು. ದೊಡ್ಡ ಮೇಡಂ ಚೀಟಿ ಕಿತ್ತು ಹೊಸ ನಂಬರ್ ಹಾಕ್ತಾರಂತೆ, ನಮಗಿಬ್ಬರಿಗೂ ಯಾವುದು ಯಾವುದು ಗೊತ್ತಾಗದ ಹಾಗೆ. ನೀವಿಲ್ಲದೆ ಆಗಲ್ಲ. ಆದ್ರೆ... ನೀವು ಇಲಿಗಳಿಗೆ ಕಾಣಿಸಬಾರದು."

"ಸರಿ, ಬಾಗಿಲಾಚೆ ಇರ್ತೀನಿ. ಕರೆದಾಗ ಬರ್ತೀನಿ."

"ಇನ್ನೊಂದು ಕೇಳ್ಲಾ? ಅಷ್ಟು ದೊಡ್ಡ ಕೋಣೆ. ಹನ್ನೊಂದು ದಿನವೂ ಅದೇ ಜಾಗದಲ್ಲಿ, ಒಂದು ಅಂಗುಲ ಸರಿಯದೇ... ಯಾಕೆ ನಿಂತ್ರಿ?"

ಅವನು ಡಬ್ಬದೊಳಗಿನ ಸಾಮಾನನ್ನು ಒಂದೊಂದಾಗಿ ಹೊರಗಿಡಲು ಶುರು ಮಾಡಿದ.

"ಅದಕ್ಕೆ ಉತ್ತರ ಪರೀಕ್ಷೆ ಮುಗಿದ ಮೇಲೆ ಮೇಡಂ."

"ಈಗ ಹೇಳಿದ್ರೆ ಏನಾಗುತ್ತೆ?"

"ನಿಮ್ಮ ಕೈ ನಡುಗಿದ್ರೆ? ರಿಸಲ್ಟ್ ಕೆಟ್ಟರೆ? ನಾನು ಒಂದು ಸಲ ಕೆಡಿಸಿದ್ದು ಸಾಕು!"

ಹನ್ನೆರಡು ದಿನ! ಪುಟ್ಟಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ಪರದೆಯ ಹಿಂದೆ ಕುಳಿತರೆ ಕಣ್ಣು ತಾನಾಗಿ ಪರದೆಯ ಒಂದು ಸಂದಿನ ಕಡೆ ಹೋಗುತ್ತಿತ್ತು. ಆ ಸಂದಿನಾಚೆ ಬರೀ ಬಿಳಿ ಗೋಡೆ. ಇಷ್ಟು ದಿನ ಅಲ್ಲೊಂದು ಮುಖ ಇರುತ್ತಿತ್ತು ಎಂದು ಅವಳಿಗೆ ಗೊತ್ತಾಗಿದ್ದು ಅದು ಇಲ್ಲವಾದ ಮೇಲೆ. ಕೋಣೆಯಲ್ಲಿ ಅವನ ಜಾಗ ಹುಡುಕುತ್ತಿದ್ದವರು ನಲವತ್ತಲ್ಲ, ನಲವತ್ತೊಂದು!

ಇಲಿಗಳೂ ಮೊದಲೆರಡು ದಿನ ಹಳೇ ಜಾಗಕ್ಕೆ ಈಜಿ ಹೋಗಿ, ಅವನಿಲ್ಲದ ಗೋಡೆಯನ್ನು ಪಿಳಿಪಿಳಿ ನೋಡಿದವು. ಮೂರನೇ ದಿನದಿಂದ ಕೆಲವು ತಲೆ ಎತ್ತಿ ನಕ್ಷತ್ರ ನೋಡಲು ಶುರು ಮಾಡಿದವು. ಕೆಲವು ಕೊನೆಯವರೆಗೂ ಸುತ್ತುತ್ತಲೇ ಇದ್ದವು.

*

ಹದಿಮೂರನೇ ದಿನ ದೊಡ್ಡ ಮೇಡಂ ಹೊಸ ಲಕೋಟೆ ಒಡೆದರು. ತಲೆ ಮೇಲಿದ್ದ ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡಿದರು. ಪುಟ್ಟಿಯೇ ಅದನ್ನು ತಲೆಯಿಂದ ತೆಗೆದು ಕೈಗೆ ಕೊಟ್ಟಳು.

"ಔಷಧದ ಗುಂಪು ಹದಿನಾಲ್ಕು ಸೆಕೆಂಡು," ಎಂದು ಓದಿದರು. "ಉಪ್ಪುನೀರು... ಮೂವತ್ತೆಂಟು."

ಪುಟ್ಟಿ ಹಾಳೆ ಕಸಿದುಕೊಂಡು ತಾನೇ ಓದಿದಳು.

"ಇದು ಇಲಿ, ಮನುಷ್ಯ ಅಲ್ಲ. ಇನ್ನೂ ದಾರಿ ತುಂಬಾ ಇದೆ. ಆದ್ರೆ ಸಮಿತಿ ಮುಂದೆ ತಲೆ ಎತ್ಕೊಂಡು ಹೋಗಬಹುದಮ್ಮ!" ಎಂದು ದೊಡ್ಡ ಮೇಡಂ ಅವಳ ಬೆನ್ನು ತಟ್ಟಿದರು. "ಅಂದಹಾಗೆ, ಅಳಿಯಂದ್ರಿಗೆ ಸಿಕ್ಕಿದ್ದು ಔಷಧಾನೇ. ಆದರೂ ಅರವತ್ತು ಸೆಕೆಂಡು ಸುಮ್ಮನೆ ತೇಲಿದ್ದಾರೆ. ಅದಕ್ಕೆ ಯಾವ ಔಷಧವೂ ಇಲ್ಲ."

ಪುಟ್ಟಿ ತೊಟ್ಟಿಯ ಕೋಣೆಗೆ ಓಡಿದಳು. ಅವನು ಬಾಗಿಲಾಚೆ ಟವೆಲ್ ಹಿಡಿದು ನಿಂತಿದ್ದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಗೆದ್ವಾ?"

"ಗೆದ್ವಿ! ಒಳಗೆ ಬನ್ನಿ."

"ಒಳಗೆ ಕಾಣಿಸ್ಕೋಬಾರದು ಅಂತ ಆರ್ಡರ್ ಇದೆ."

"ಆರ್ಡರ್ ವಾಪಸ್. ಬಂದು ಉತ್ತರ ಹೇಳಿ."

ಅವನು ಬಂದ. ಹಳೇ ಜಾಗದಲ್ಲಿ ಹೋಗಿ ನಿಂತ. ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನೀವು ಪರದೆ ಹಿಂದೆ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ ಮೇಡಂ. ಆಗ ಹೇಳ್ತೀನಿ."

ಪುಟ್ಟಿ ಹೋಗಿ ಕುಳಿತಳು. ಪರದೆಯ ಸಂದಿನಲ್ಲಿ ಅವನ ಮುಖ ಸರಿಯಾಗಿ ಬಂದು ನಿಂತಿತು.

"ಕಾಣ್ತಿದ್ದೀನಾ?"

"ಹೂಂ..."

"ನನಗೂ ನೀವು ಕಾಣ್ತಿದ್ದೀರಾ. ಇಡೀ ಕೋಣೆಯಲ್ಲಿ ಈ ಒಂದು ಜಾಗದಿಂದ ಮಾತ್ರ. ಅರ್ಧ ಅಂಗುಲ ಆಚೆ ಹೋದ್ರೆ ಕಿವಿ ಅಷ್ಟೇ ಕಾಣುತ್ತೆ, ಈಚೆ ಬಂದ್ರೆ ಬರೀ ಪರದೆ. ಇಲಿ ಮಣೆ ಹತ್ತಿದಾಗಲೆಲ್ಲ ನೀವು ಒಬ್ಬರೇ ನಗ್ತಿದ್ರಿ. ಅದನ್ನ ನೋಡೋಕೆ... ಅಷ್ಟೇ. ನಿಮ್ಮ ಪ್ರಯೋಗ ಕೆಡುತ್ತೆ ಅಂತ ದೇವರಾಣೆಗೂ ಗೊತ್ತಿರಲಿಲ್ಲ!"

ಪುಟ್ಟಿಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಒಂದು ನೋಟಕ್ಕೆ ತನ್ನ ಏಳು ವರ್ಷ ಮುಳುಗಿ ಮತ್ತೆ ಎದ್ದು ಬಂದಿತ್ತು. ಬೈಯಬೇಕಿತ್ತು, ಬೈಗುಳ ಒಂದೂ ನೆನಪಾಗಲಿಲ್ಲ.

"ನಾನು ಇಲಿ ನೋಡಿ ನಗ್ತಿರಲಿಲ್ಲ," ಎಂದಳು ಮೆಲ್ಲಗೆ.

"ಮತ್ತೆ?"

"ನೀವು ಅದನ್ನ ಟವೆಲಲ್ಲಿ ಸುತ್ತಿ, 'ಬನ್ನಿ ಚಿಕ್ಕಪ್ಪ, ತಲೆ ಒರೆಸ್ಕೊಳ್ಳಿ, ಶೀತ ಆಗುತ್ತೆ' ಅಂತಿದ್ರಲ್ಲಾ... ಅದಕ್ಕೆ. ನನಗೆ ನೀವು ಬೇಕು ರೀ. ಈ ಹನ್ನೆರಡು ದಿನ ಆ ಗೋಡೆ ನೋಡಿ ನೋಡಿ ಸಾಕಾಯ್ತು."

ಅವನ ಕೈಯಿಂದ ಟವೆಲ್ ಜಾರಿ ತೊಟ್ಟಿಗೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

"ಈಗ ನಾನೆಲ್ಲಿರಲಿ ಮೇಡಂ?"

"ಅಲ್ಲೆಲ್ಲಾದ್ರೂ ಅನ್ನಲ್ಲ. ಇಲ್ಲಿ ಬನ್ನಿ."

*

ಅದಾದ ಮೂರನೇ ಭಾನುವಾರ ಅವನು ಪುಟ್ಟಿಯ ಮನೆಗೆ ಬಂದಾಗ ಅಜ್ಜಿಯ ಕೈ ಅಡುಗೆಯಲ್ಲಿ ಸಿಕ್ಕಿಕೊಂಡಿತ್ತು. ಅಜ್ಜ ಟವೆಲ್ ಹೆಗಲಿಗೆ ಹಾಕಿ ಹಜಾರದ ಮಧ್ಯೆ ನಿಂತು ನಾಲ್ಕೂ ಬಾಗಿಲು ನೋಡುತ್ತಿದ್ದರು.

ಯಾರೂ ಹೇಳಿಕೊಡಲಿಲ್ಲ. ಅವನೇ ಹೋಗಿ ಬಚ್ಚಲ ಪಕ್ಕದಲ್ಲಿದ್ದ ಅಜ್ಜಿಯ ಪುಟ್ಟ ಸ್ಟೂಲ್ ಮೇಲೆ ಕುಳಿತ. ಮೊಣಕಾಲು ಎರಡೂ ಗಲ್ಲಕ್ಕೆ ತಾಗಿದವು.

ಅಜ್ಜ ಸ್ಟೂಲ್ ನೋಡಿದರು, ಅವನನ್ನು ನೋಡಿದರು. ನಿಧಾನವಾಗಿ ನಡೆದು ಅಲ್ಲಿಗೇ ಬಂದರು. ಒಳಗೆ ಹೋಗುವ ಮೊದಲು ಕೊರಳಿನ ಟೇಪು ತೆಗೆದು ಅವನ ತೋಳಿಗೆ ಹಿಡಿದರು.

"ಇಪ್ಪತ್ತಾರು. ಈ ಅಂಗಿ ಹೊಲಿದವನು ಯಾವನು? ತೋಳು ಗಿಡ್ಡ." ಪುಟ್ಟಿಯ ಕಡೆ ತಿರುಗಿದರು. "ಹುಡುಗ ಎತ್ತರ ಇದ್ದಾನಮ್ಮ. ದೂರದಿಂದಲೇ ಕಾಣ್ತಾನೆ. ಒಳ್ಳೇದು."

ಬಚ್ಚಲ ಬಾಗಿಲು ಮುಚ್ಚಿತು. ನಲ್ಲಿ ಬಿಟ್ಟ ಸದ್ದು ಬಂತು. ಪುಟ್ಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನ ಪಕ್ಕ ನೆಲದ ಮೇಲೆ ಕುಳಿತಳು.

"ಕಾಲು ನೋಯಲ್ವಾ?"

"ನೋಯುತ್ತೆ."

"ಮತ್ತೆ ಏಳಿ."

"ಅಜ್ಜ ಹೊರಗೆ ಬಂದಾಗ ಯಾರನ್ನ ನೋಡ್ತಾರೆ?" ಎಂದ ಅವನು. ಬಚ್ಚಲ ಬಾಗಿಲ ಕಡೆ ನೋಡುತ್ತಾ, "ಮುಂದೆ ಒಂದು ದಿನ ನಾನೂ ಎಲ್ಲ ಮರೆತರೆ?" ಎಂದು ಕೇಳಿದ.

ಪುಟ್ಟಿ ಅವನ ಗಿಡ್ಡ ತೋಳನ್ನು ಕೆಳಕ್ಕೆಳೆದು ಸರಿಮಾಡಿದಳು.

"ಸ್ಟೂಲ್ ತಗೊಂಡು ಓಡಾಡ್ತೀನಿ," ಎಂದಳು.